ಮಲಗಿದವನ ಮುಖ

"ರೀ, ಕುತ್ತಿಗಿ ಸ್ವಲ್ಪ ಮ್ಯಾಲೆ ಮಾಡ್ರಿ," ಎಂದಳು ಸಂಜನಾ. ಪ್ರಮೋದ ಮಾಡಲಿಲ್ಲ. ಜೋಕಾಲಿಯ ಮೇಲೆ ಕೂತಲ್ಲೇ, ಸರಪಳಿಗೆ ತಲೆ ಆನಿಸಿ, ಅವನು ನಿದ್ದೆ ಹೋಗಿ ಬಹಳ ಹೊತ್ತಾಗಿತ್ತು.

ವಡೋದರಾದಲ್ಲಿ ಅವರು ಬಾಡಿಗೆಗೆ ಹಿಡಿದ ಮಹಡಿಯಲ್ಲಿ ಬೇರೆ ಸಾಮಾನು ಇರಲಿಲ್ಲ, ಪಡಸಾಲೆಯ ನಡುವೆ ಈ ಜೋಕಾಲಿಯೊಂದಿತ್ತು. ಊಟವಾದ ಮೇಲೆ ಜೋಕಾಲಿಯಲ್ಲಿ ತೂಗಿಕೊಳ್ಳದಿದ್ದರೆ ಇಲ್ಲಿಯವರಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಆದರೆ ತೂಗಾಡುವ ಗಂಡನ ಮುಖವನ್ನು ಮಣ್ಣಿನಲ್ಲಿ ಮಾಡುವುದು ಹೇಗೆ? ಸಂಜನಾ ಹಲಗೆಯ ಕೆಳಗೆ ಇಟ್ಟಿಗೆ ಒಟ್ಟಿ ಅದನ್ನು ಅಲುಗದಂತೆ ನಿಲ್ಲಿಸಿದ್ದಳು.

ಅವಳೆದುರು ಸ್ಟೂಲಿನ ಮೇಲೆ ಮಣ್ಣಿನ ಪ್ರಮೋದ. ಹಣೆ, ಮೂಗು, ಒಂಚೂರು ಸೊಟ್ಟಗಿರುವ ಕೆಳದುಟಿ, ಅಗಲ ಕಿವಿ ಎಲ್ಲ ಬಂದಿದ್ದವು. ಕಣ್ಣಿನ ಜಾಗದಲ್ಲಿ ಮಾತ್ರ ಹೆಬ್ಬೆರಳಿನಿಂದ ಒತ್ತಿ ನುಣುಪು ಮಾಡಿದ ಎರಡು ತಗ್ಗುಗಳಿದ್ದವು. ಸೋಮವಾರ ಇದನ್ನು ಕಾಲೇಜಿಗೆ ಒಯ್ಯಬೇಕು. ಕಣ್ಣಿಲ್ಲದೆ ಒಯ್ದರೆ ಈ ಸೆಮಿಸ್ಟರ್ ಕೈಬಿಟ್ಟಂತೆಯೇ.

"ಸ್ಟಾರ್ಟರ್ ಗ್ರೀನ್," ಎಂದ ಪ್ರಮೋದ, ನಿದ್ದೆಯಲ್ಲಿ.

"ಸ್ಟಾರ್ಟರ್ ಗ್ರೀನ್," ಎಂದಳು ಸಂಜನಾ ಮೆತ್ತಗೆ. ಗಾಡಿ ಸ್ಟೇಷನ್ ಬಿಡಲು ಕೊಡುವ ಆ ಸಿಗ್ನಲ್ಲಿಗೆ ಉತ್ತರ ಕೊಡದಿದ್ದರೆ ಅವನು ಮತ್ತೆ ಮತ್ತೆ ಕೂಗುತ್ತಿದ್ದ. ಕೊಟ್ಟರೆ ಸಮಾಧಾನವಾಗಿ ಮುಂದಿನ ಸ್ಟೇಷನ್ನಿಗೆ ಹೋಗುತ್ತಿದ್ದ.

ಅವನು ರೈಲ್ವೆಯಲ್ಲಿ ಅಸಿಸ್ಟೆಂಟ್ ಲೋಕೋ ಪೈಲಟ್. ಗೂಡ್ಸ್ ಗಾಡಿಯ ಎಂಜಿನ್ನಿನಲ್ಲಿ ಪೈಲಟ್‌ನ ಪಕ್ಕ ಕೂತು ರಾತ್ರಿಯಿಡೀ ಸಿಗ್ನಲ್ ನೋಡುವುದು ಅವನ ಕೆಲಸ. ಮನೆಗೆ ಬಂದು ಮಲಗುವುದೂ ಕೆಲಸವೇ, ನಿದ್ದೆಗೆಟ್ಟು ಡ್ಯೂಟಿಗೆ ಹೋಗುವಂತಿಲ್ಲ. ಹಾಗಾಗಿ ಹಗಲೆಲ್ಲ ಕಿಟಕಿಗೆ ದಪ್ಪ ಪರದೆ. ಅದರಿಂದ ಸೋಸಿ ಬರುವ ಬೆಳಕಿಗೆ ಬೆಲ್ಲದ ನೀರಿನ ಬಣ್ಣ. ಆ ಬೆಳಕಿನಲ್ಲಿ ಬೆಕ್ಕಿನ ಹೆಜ್ಜೆಯಿಟ್ಟು ಓಡಾಡುವಾಗ ಸಂಜನಾಗೆ ಎಷ್ಟೋ ಸಲ ಅನುಮಾನ ಬರುತ್ತಿತ್ತು, ತಾನು ಹುಬ್ಬಳ್ಳಿಯಲ್ಲೇ ಮಲಗಿ ಈ ಊರನ್ನು, ಈ ಕಾಲೇಜನ್ನು, ಈ ಗಂಡನನ್ನು ಕನಸಿನಲ್ಲಿ ಕಾಣುತ್ತಿದ್ದೇನೋ ಎಂದು. ಎದ್ದರೆ ಎಲ್ಲ ಹೋಗಿಬಿಡುತ್ತದೇನೋ ಎಂದು ಭಯವೂ ಆಗುತ್ತಿತ್ತು.

ಹುಬ್ಬಳ್ಳಿಯಲ್ಲಿ ಅವಳ ತವರು ಗಣಪತಿ ಮಾಡುವ ಮನೆ. ಮಣ್ಣು ಹದ ಮಾಡುವುದು, ಸೊಂಡಿಲು ಹಚ್ಚುವುದು, ಹೊಟ್ಟೆಗೆ ಹಾವು ಸುತ್ತುವುದು ಎಲ್ಲ ಹೆಣ್ಣುಮಕ್ಕಳ ಕೆಲಸ. ಕಣ್ಣು ಮಾತ್ರ ಅಪ್ಪನದು. ಸ್ನಾನ ಮಾಡಿ, ಬಾಗಿಲು ಹಾಕಿಕೊಂಡು, ಅವನೊಬ್ಬನೇ ಕೂತು ಬರೆಯುತ್ತಿದ್ದ. "ಕಣ್ಣಿಗೆ ನಿಮ್ಮ ಕೈ ಬ್ಯಾಡ," ಎಂದಿದ್ದ ಒಮ್ಮೆ, ಸಿಟ್ಟಿಲ್ಲದೆ. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಸಾರಿಗೆ ಉಪ್ಪು ಯಾಕೆ ಎಂದು ಯಾರಾದರೂ ಕೇಳುತ್ತಾರೆಯೆ?

ಗಣಪತಿ ಒಯ್ಯಲು ಬಂದ ಪ್ರಮೋದ ಮರುವಾರ ತಾಯಿಯನ್ನು ಕರೆದುಕೊಂಡು ಬಂದು ಮಗಳನ್ನೂ ಕೇಳಿದ. ಮದುವೆಯಾದ ಮೇಲೆ ಅವಳಿಗೆ ಕಾಲೇಜಿನ ಹುಚ್ಚು ಹಿಡಿಸಿದವನೂ ಅವನೇ. ವಡೋದರಾದಲ್ಲಿ ಶಿಲ್ಪಕಲೆಗೆ ಸೀಟು ಸಿಕ್ಕಾಗ, ಊರಿಗೆ ಮರಳಲು ಹಾತೊರೆಯುತ್ತ ಹುಬ್ಬಳ್ಳಿಯಲ್ಲಿ ದಿನ ದೂಡುತ್ತಿದ್ದ ವಡೋದರಾದ ಅಸಿಸ್ಟೆಂಟ್ ಪೈಲಟ್ ಒಬ್ಬನನ್ನು ಪ್ರಮೋದ ಹುಡುಕಿದ, ಇಬ್ಬರೂ ಜಾಗ ಅದಲುಬದಲು ಮಾಡಿಕೊಂಡರು. ರೈಲ್ವೆಯವರು ಅದಕ್ಕೆ ಮ್ಯೂಚುವಲ್ ಅನ್ನುತ್ತಾರೆ. ಆದರೆ ಇಬ್ಬರಲ್ಲಿ ಹಿರಿಯನಾದವನು ಸೀನಿಯಾರಿಟಿ ಬಿಟ್ಟುಕೊಟ್ಟು, ಕಿರಿಯನ ಜಾಗದಲ್ಲಿ ಬಡ್ತಿಯ ಸಾಲಿನ ಹಿಂದೆ ನಿಲ್ಲಬೇಕು. ಪ್ರಮೋದ ನಗುನಗುತ್ತ ಹೋಗಿ ನಿಂತ.

ಕಾಲೇಜಿನಲ್ಲಿ ಮೊದಮೊದಲು ಅವಳು ಮಾಡಿದ್ದೆಲ್ಲ ಗಣಪತಿಯೇ ಆಗುತ್ತಿತ್ತು. ಮಾಡೆಲ್ ಆಗಿ ಕೂತ ಬಡಕಲು ಅಜ್ಜನಿಗೂ ಅವಳ ಕೈಯಲ್ಲಿ ದುಂಡು ಕೆನ್ನೆ, ತುಂಬಿದ ಹೊಟ್ಟೆ ಬಂದುಬಿಡುತ್ತಿತ್ತು. ತರಗತಿಯವರು ನಕ್ಕರು, ಅವಳೂ ನಕ್ಕಳು. ನಿಧಾನಕ್ಕೆ ಕೈ ಆ ದುಂಡುತನ ಬಿಟ್ಟಿತು. ಬಿಡದೆ ಉಳಿದದ್ದು ಕಣ್ಣಿನ ನೇಮ. ಒಬ್ಬನಿಗೆ ರೆಪ್ಪೆ ಮುಚ್ಚಿಸಿದಳು, ಇನ್ನೊಬ್ಬನಿಗೆ ಟೋಪಿ ಇಳಿಸಿದಳು.

"ಕಣ್ಣು ಮುಚ್ಚಿದವರು ಸಾಕು," ಎಂದಿದ್ದರು ಮಹಿಮಾ ಮೇಡಂ ಹಿಂದಿಯಲ್ಲಿ. "ರಜೆಯಲ್ಲಿ ಮನೆಯವರನ್ನೇ ಕೂರಿಸಿಕೊಂಡು ಒಂದು ತಲೆ ಮಾಡು. ಅದು ನನ್ನನ್ನು ನೋಡಬೇಕು. ಇಲ್ಲದಿದ್ದರೆ ನಾನು ಪಾಸು ಮಾಡಲಾರೆ."

ಅಪ್ಪನ ಮಾತನ್ನಾದರೂ ದಾಟಬಹುದಿತ್ತು. ಸಂಜನಾಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಬೇರೆ. ದೀಪಾವಳಿಯ ಮುಂಚೆ, ಪ್ರಮೋದನ ಜೊತೆಗೇ ಕೆಲಸಕ್ಕೆ ಸೇರಿದ್ದ ನಿತಿನ್, ಹುಬ್ಬಳ್ಳಿಯಲ್ಲಿ ಬಡ್ತಿ ಸಿಕ್ಕಿ ಪೈಲಟ್ ಸೀಟಿನಲ್ಲಿ ಕೂತ ಫೋಟೊ ಕಳಿಸಿದ್ದ. ಪ್ರಮೋದ ಅದನ್ನು ನೋಡಿ, ಫೋನನ್ನು ಬೋರಲು ಹಾಕಿ, ಸುಮ್ಮನೆ ಉಂಡೆದ್ದ. ಅಂದಿನಿಂದ ಅವಳು ಗಂಡನ ಮುಖವನ್ನು ನೆಟ್ಟಗೆ ನೋಡಿರಲಿಲ್ಲ. ನೋಡಿದರೆ ಏನು ಕಾಣುತ್ತದೋ! ಮಲಗಿದವನ ಮುಖದಲ್ಲಿ ಯಾವ ದೂರೂ ಇರಲಿಲ್ಲ. ಅದಕ್ಕೇ ಅವಳು ಅವನಿಗೆ ನಿದ್ದೆ ಹತ್ತುವವರೆಗೆ ಕಾದು ಮಣ್ಣು ಕೈಗೆತ್ತಿಕೊಳ್ಳುತ್ತಿದ್ದಳು.

ಬಾಗಿಲು ದಡದಡ ಬಡಿಯಿತು. ಕೆಳಗಿನ ಮನೆಯ ಇಂದುಬೆನ್, ತಟ್ಟೆಯಲ್ಲಿ ಬಿಸಿ ಢೋಕ್ಲಾ ಹಿಡಿದು, ಕರೆಯುವ ಮೊದಲೇ ಒಳಗೆ ಬಂದರು. ಸ್ಟೂಲಿನತ್ತ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು.

"ಅರೇ ಬೇಟಾ, ಇಸ್ಕೀ ಆಂಖ್ ಕಹಾಂ ಹೈ?"

ಇದರ ಕಣ್ಣೆಲ್ಲಿ ಎಂದು ಕೇಳಿದ ಆ ದನಿಗೆ ಎಂಥ ನಿದ್ದೆಯೂ ನಿಲ್ಲುವಂತಿರಲಿಲ್ಲ. ಪ್ರಮೋದ ಎಚ್ಚೆತ್ತು, ಎಲ್ಲಿದ್ದೇನೆಂದು ತಿಳಿಯದೆ ಸರಪಳಿ ಹಿಡಿದುಕೊಂಡ. ಇಂದುಬೆನ್ ನಾಲಿಗೆ ಕಚ್ಚಿಕೊಂಡು, ತಟ್ಟೆಯಿಟ್ಟು, ಬಂದಷ್ಟೇ ಬೇಗ ಇಳಿದುಹೋದರು.

ಪ್ರಮೋದ ಎದ್ದು ತನ್ನ ಮಣ್ಣಿನ ಮುಖದ ಸುತ್ತ ಒಂದು ಸಲ ನೋಡಿಬಂದ. "ಕಿವಿ ಇಷ್ಟ ದೊಡ್ಡುವು ಅದಾವೇನ ನನ್ನವು?"

"ಅದಾವ್ರಿ."

"ಕಣ್ಣ ಯಾಕ ಮಾಡಿಲ್ಲ?"

"ನೀವು ಮಕ್ಕೊಂಡಿದ್ರಿ."

"ಎಬ್ಬಸಬೇಕಿತ್ತು."

ಅವಳು ಬಿದಿರಿನ ಕಡ್ಡಿಯ ಮಣ್ಣನ್ನು ಸೆರಗಿಗೆ ಒರೆಸಿದಳು. ಒಳಗೆ ತಡೆದಿಟ್ಟದ್ದು ಥಟ್ಟನೆ ಬಾಯಿಗೆ ಬಂತು. "ನಂಗ ಅಂಜಿಕಿ ಆಗತೈತ್ರಿ. ನಿಮ್ಮ ಕಣ್ಣ ನೋಡಾಕ."

ಪ್ರಮೋದ ನಗಬಹುದೆಂದುಕೊಂಡಿದ್ದಳು. ಅವನು ನಗಲಿಲ್ಲ. ಒಳಗೆ ಹೋಗಿ ಮುಖಕ್ಕೆ ನೀರು ಹೊಡೆದುಕೊಂಡು, ಕಿಟಕಿಯ ಪರದೆ ಪೂರ್ತಿ ಸರಿಸಿದ. ಬಿಸಿಲು ನೆಲಕ್ಕೆ ಬಿತ್ತು. ಜೋಕಾಲಿಯ ಮೇಲೆ ಅವಳಿಗೆ ಎದುರಾಗಿ ಬಂದು ಕೂತ.

"ಎಂಜಿನ್ದಾಗ ಇಬ್ರೂ ಸಿಗ್ನಲ್ ಕೂಗ್ತೀವಿ. ಒಬ್ಬಾಂವ ಕೂಗಿದ್ದನ್ನ ಇನ್ನೊಬ್ಬಾಂವ ನೋಡಿ, ಖರೇ ಇದ್ರ, ಹಂಗ ತಿರುಗಿ ಕೂಗಬೇಕು. ಕೆಂಪ ಇದ್ದಲ್ಲಿ ಯಾರೂ ಹಸರು ಅನ್ನೂ ಹಂಗಿಲ್ಲ," ಎಂದ. "ನೋಡ. ಏನ ಕಾಣತೈತಿ ಕೂಗು."

ಅವಳು ನೋಡಿದಳು. ರೆಪ್ಪೆಯ ಅಂಚು ಕೆಂಪಗಿತ್ತು, ಕೆಳಗೆ ನಿದ್ದೆಗೇಡಿನ ಕಪ್ಪು. ಅವೆಲ್ಲ ಅವಳಿಗೆ ಗೊತ್ತಿದ್ದವು. ಅವುಗಳ ಒಳಗಿರುವುದನ್ನು ನೋಡಲು ಸ್ಟೂಲು ದಾಟಿ ಒಂದು ಹೆಜ್ಜೆ ಮುಂದೆ ಬಂದಳು.

"ಬ್ಯಾಸರ ಐತಿ," ಎಂದಳು.

ಅವನು ರೆಪ್ಪೆ ಬಡಿಯದೆ ಅವಳನ್ನೇ ನೋಡಿದ.

"ಬ್ಯಾಸರ ಐತಿ," ಎಂದ.

ಕೆಳಗೆ ರಸ್ತೆಯಲ್ಲಿ ಹಣ್ಣಿನವನು ಏನನ್ನೋ ಕೂಗುತ್ತ ದಾಟಿಹೋದ. ಸಂಜನಾ ಅಳು ಬಂದರೂ ಕಣ್ಣು ತೆಗೆಯಲಿಲ್ಲ. ಇಷ್ಟು ದಿನ ಹೆದರಿದ್ದು ಇದಕ್ಕೇ. ಈಗ ಅದು ಬಂದಾಗಿತ್ತು, ಎದುರಿಗೇ ಕೂತಿತ್ತು.

"ನಿತಿನ್‌ನ ಫೋಟೊ ನೋಡಿದಾಗ ಆ ಸೀಟ ನಂದಾಗಬೇಕಿತ್ತು ಅನಸ್ತು," ಎಂದ ಪ್ರಮೋದ. "ಈಗೂ ಒಮ್ಮೊಮ್ಮೆ ಅನಸತೈತಿ. ಅದನ್ನೇನ ನಿನ್ನಿಂದ ಮುಚ್ಚಲಿ?"

"ಹಿಂದಕ ಹೋಗಬೇಕ ಅನಸತೈತೇನ್ರಿ?"

"ಮ್ಯೂಚುವಲ್ ಆದಮ್ಯಾಲೆ ಹಿಂದಕ ಬಿಡೂದಿಲ್ಲ ಅವರು."

"ಬಿಟ್ರ?"

"ಬಿಟ್ರೂ ಹೋಗೂದಿಲ್ಲ."

"ಖರೇ ಹೇಳ್ರಿ."

"ನಾ ಹೇಳಿದ್ದ ಆತು. ಇನ್ನ ನೀ ನೋಡಿ ಹೇಳ," ಎಂದು ಅವನು ಮುಖವನ್ನು ಬೆಳಕಿಗೆ ಎತ್ತಿ ಹಿಡಿದ.

ಅವಳು ನೋಡಿದಳು. ಈ ಸಲ ಅವಸರ ಮಾಡಲಿಲ್ಲ. ಮದುವೆಯ ದಿನ ಅಂತರಪಟ ಸರಿದಾಗಲೂ ಇಷ್ಟು ಹೊತ್ತು ನೋಡಿರಲಿಲ್ಲ. ಢೋಕ್ಲಾದ ಮೇಲಿನ ಹಬೆ ಆರಿತು, ನೆಲದ ಬಿಸಿಲು ಸರಿದು ಅವನ ಪಾದಕ್ಕೆ ಬಂತು. ಆಮೇಲೆ ಅವಳು ಮಣ್ಣಿನ ಕಡೆ ತಿರುಗಿ, ಎಡಗಣ್ಣಿನ ತಗ್ಗಿಗೆ ಹಸಿಮಣ್ಣಿನ ಗುಂಡು ಕೂರಿಸಿದಳು. ರೆಪ್ಪೆ ಎಳೆದಳು. ಬಿದಿರಿನ ಕಡ್ಡಿ ಊರಿ ಕಣ್ಣಿನ ಗೊಂಬೆ ಕೊರೆದಳು.

"ಮಕ್ಕೊಳ್ರಿ ಇನ್ನ. ರಾತ್ರಿ ಡ್ಯೂಟಿ ಐತಿ," ಎಂದಳು.

"ಇನ್ನೊಂದು ಆಗಲಿ," ಎಂದ ಪ್ರಮೋದ.

ಮಣ್ಣಿನ ಮುಖ ಒಂದೇ ಕಣ್ಣಿನಿಂದ, ತುಸು ಬೇಸರದಲ್ಲಿ, ಅವಳನ್ನು ನೋಡುತ್ತಿತ್ತು. ಅವಳು ಬೆರಳು ಒದ್ದೆ ಮಾಡಿಕೊಂಡು ಇನ್ನೊಂದು ತಗ್ಗಿನ ಮೇಲಿಟ್ಟಳು.