ಚಿನ್ನಿಯ ಅರೆಗಣ್ಣು

ಮಡಿಲಲ್ಲಿಟ್ಟ ಚೀಲ ಇನ್ನೂ ಗುರ್ರೆನ್ನುತ್ತಿದೆ, ಆ ನಡುಕ ನನ್ನ ತೊಡೆಗೆ ಇಳಿಯುತ್ತಿದೆ, ಚೀಲದ ಬಾಯಿಂದ ಚಿನ್ನಿಯ ತಲೆ ಮಾತ್ರ ಹೊರಗೆ, ಕಣ್ಣು ಅರೆ ಮುಚ್ಚಿದೆ — ಎರಡು ದಿನದಿಂದ ಹೀಗೇ ಗುರ್ರೆನ್ನುತ್ತಾ ಮಲಗಿತ್ತು ಈ ಬೆಕ್ಕು, ನಾನು ಅದನ್ನು ಸುಖ ಅಂದುಕೊಂಡೆ, ನೋಡಿ ನಿಮ್ಮ ಮಹಾರಾಣೀನ ಎಂದು ಯಜಮಾನರಿಗೆ ತೋರಿಸಿ ನಕ್ಕೆ, ಹಾಲು ಮುಟ್ಟದಿದ್ದಾಗ ಕೊಬ್ಬು ಅಂದೆ. ಹದಿನಾಲ್ಕು ವರ್ಷದಿಂದ ಮದ್ದೂರಿನ ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುತ್ತಿದ್ದೇನೆ, ಯಾವಳು ಉಣ್ಣದೆ ಬಂದಿದ್ದಾಳೆ, ಯಾವಳಿಗೆ ಮನೆಯಲ್ಲಿ ಏಟು ಬಿದ್ದಿದೆ, ಮುಖ ನೋಡಿದರೆ ಸಾಕು ನನಗೆ, ಸರಸಮ್ಮ ಟೀಚರ ಹತ್ರ ಏನೂ ಮುಚ್ಚಿಡೋಕಾಗಲ್ಲ ಅಂತಾರೆ ಹುಡುಗಿಯರು, ಕೇಳಿ ಎಷ್ಟು ಹಿಗ್ಗುತ್ತಿದ್ದೆ. ಇವತ್ತು ಬೆಳಿಗ್ಗೆ ಮೊಸರು ಮಾರುವ ದೇವಿರಮ್ಮ ಕುಕ್ಕೆ ಇಳಿಸಿದವಳೇ, ಇದ್ಯಾಕಮ್ಮ ನಿಮ್ ಬೆಕ್ಕು ಇಂಗೆ ಮೊಕ ಇಂಡ್ಕಂಡು ಕುಂತದೆ ಅಂದಳು. ಸುಖವಾಗಿ ಮಲಗಿದೆ ಕಣೆ, ಅಂದೆ ನಾನು. ಎಲ್ಲೀ ಸುಕ, ಕಿವಿ ನೋಡಿ ಎಂಗೆ ಪಕ್ಕಕ್ಕೆ ಬಿದ್ದವೆ, ಮೀಸೆ ಎಂಗೆ ಬಿಗ್ದವೆ, ನೋವು ತಡ್ಕತಾ ಅದೆ ಕಣಮ್ಮ. ಅವಳೇ ಎರಡು ಬೆರಳಲ್ಲಿ ದವಡೆ ಅಗಲಿಸಿದಳು, ನಾಲಗೆಯ ಬುಡದಲ್ಲಿ ಕೆಂಪು ದಾರ, ನನ್ನದೇ ದಾರ, ಪಂಪ್ ಸ್ಟೌ ಆರಿತೆಂದು ದಾರ ಪೋಣಿಸಿದ ಸೂಜಿಯನ್ನು ಮಣೆಯ ಮೇಲೇ ಬಿಟ್ಟು ಎದ್ದು ಹೋಗಿದ್ದು, ಬಂದು ಹುಡುಕಿ, ಸಿಗಲಿಲ್ಲವೆಂದು ಬೇರೆ ಸೂಜಿ ತೆಗೆದುಕೊಂಡಿದ್ದು — ಭಾನುವಾರ ಅದು, ಹಾಗಾದರೆ ಎರಡು ದಿನವಲ್ಲ, ಭಾನುವಾರ, ಸೋಮವಾರ, ಮಂಗಳವಾರ, ಮೂರು ದಿನ. ಎಳೆಯಲು ಕೈ ಹಾಕಿದೆ, ಬ್ಯಾಡಿ ಕಣಮ್ಮ, ಇನ್ನೂ ಒಳಕ್ಕೆ ಚುಚ್ಕತದೆ, ದನದ ಆಸ್ಪತ್ರೆಗೆ ತಕ್ಕೊಂಡೋಗಿ ಅಂದಳು ದೇವಿರಮ್ಮ.

ಇಲ್ಲಿ ಡಾಕ್ಟರು ಇನ್ನೂ ಯಾರದೋ ಎಮ್ಮೆಯ ಹಿಂದೆ ನಿಂತಿದ್ದಾರೆ, ರಸ್ತೆಯಲ್ಲಿ ಮೈಸೂರು ಬಸ್ಸು ಹೋಯಿತು, ಇನ್ನೊಂದೂ ಹೋಯಿತು, ಏಳುತ್ತೇನೆ, ಕೂರುತ್ತೇನೆ, ಚಿನ್ನಿಯ ಬಾಯಂಚಿನಿಂದ ಜೊಲ್ಲು ಇಳಿಯುತ್ತಿದೆ, ಸೆರಗಿನಿಂದ ಒರೆಸುತ್ತೇನೆ, ಕೊಬ್ಬು ಅಂದೆನಲ್ಲ, ಕೊಬ್ಬು ಅಂದೆ. ತನ್ನಿ ಇಲ್ಲಿ ಅನ್ನುತ್ತಾರೆ ಡಾಕ್ಟರು, ಟವಲು ಸುತ್ತುತ್ತಾರೆ, ಗಟ್ಟಿಯಾಗಿ ಹಿಡಿರೀ ಅನ್ನುತ್ತಾರೆ, ಚಿಮಟ ಒಳಗೆ ಹೋಗುತ್ತದೆ, ಟವಲಿನೊಳಗೆ ಅದರ ಎದೆ ನನ್ನ ಅಂಗೈಗೆ ಹೊಡೆಯುತ್ತದೆ — ತಟ್ಟೆಯಲ್ಲಿ ಟಿಣ್ ಎಂದು ಸೂಜಿ. ಉಳ್ಕತು ಬುಡಿ ಅನ್ನುತ್ತಾನೆ ಕಾಂಪೌಂಡರ್ ಮರಿಸಿದ್ದಯ್ಯ. ಎತ್ತಿ ಎದೆಗೆ ಒತ್ತಿಕೊಳ್ಳುತ್ತೇನೆ, ಮತ್ತೆ ಗುರ್ರೆನ್ನುತ್ತದೆ, ನೋವೋ, ಹೆದರಿಕೆಯೋ, ನನ್ನ ಮೇಲೆ ಸಿಟ್ಟೋ, ಈಗ ನಿಜವಾಗಿ ಹಾಯೆನಿಸಿತೋ, ಕಿವಿ ನೋಡುತ್ತೇನೆ, ಮೀಸೆ ನೋಡುತ್ತೇನೆ, ಏನೂ ತಿಳಿಯುತ್ತಿಲ್ಲ, ಅದು ನನ್ನನ್ನೇ ನೋಡುತ್ತಿದೆ, ಅರೆ ಮುಚ್ಚಿದ ಆ ಕಣ್ಣು —