ತೊಗರಿ ಕಟ್ಟಿಗೆಯ ಬತ್ತಿ

ನಮ್ಮಲ್ಲಿ ಸೂತಕವಿಲ್ಲ. ಮಣ್ಣು ಮಾಡಿ ಬಂದವರು ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಊಟಕ್ಕೆ ಕೂತರು. ಮೂರನೆಯ ದಿನದ ಪೂಜೆ ಮುಗಿದ ಮೇಲೆ ಅಫಜಲಪುರದ ನನ್ನ ತವರಿನವರೂ ಅಂದೋಲಾದ ನೆಂಟರೂ ಹೊರಟುಹೋದರು. ಮರುದಿನ ಬೆಳಿಗ್ಗೆ ನಳಕ್ಕೆ ನೀರು ಬಂತು. ಕೊಡ ಹಿಡಿದೆ. ಹಾಲಿನವನು ಎಂದಿನಂತೆ ಎರಡು ಪಾಕೀಟು ಇಟ್ಟುಹೋಗಿದ್ದ. ಇನ್ನು ಒಂದು ಸಾಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಎರಡನ್ನೂ ಕಾಯಿಸಿದೆ.

ನನ್ನ ಗಂಡ ಸಂತೋಷಕುಮಾರ ಮನೆಯಲ್ಲೇ ಮೇಣದ ಬತ್ತಿ ಮಾಡಿ ಮಾರುತ್ತಿದ್ದರು. ಕಲಬುರಗಿಯಿಂದ ಮೇಣದ ಚೀಲ ಕಟ್ಟಿಕೊಂಡು ಬೈಕಿನ ಮೇಲೆ ಬರುವಾಗ, ಇನ್ನೇನು ಜೇವರ್ಗಿ ಬಂತು ಅನ್ನುವಲ್ಲಿ ಲಾರಿಗೆ ಸಿಕ್ಕರು. ಚೀಲಕ್ಕೆ ಏನೂ ಆಗಿರಲಿಲ್ಲ. ಯಾರೋ ಅದನ್ನು ತಂದು ಕಟ್ಟೆಯ ಮೇಲೆ ಇಟ್ಟಿದ್ದರು. ಆ ಬೆಳಿಗ್ಗೆ ನಾನು ಅದನ್ನು ಒಳಗೆ ಎಳೆದುಕೊಂಡೆ. ಅಷ್ಟು ಭಾರದ ಚೀಲ ಎಳೆದೆ, ಆದರೆ ತೋಳಿಗೆ ಅದು ತಿಳಿಯಲಿಲ್ಲ. ಆ ದಿನಗಳಲ್ಲಿ ನನಗೆ ಯಾವುದೂ ತಿಳಿಯುತ್ತಿರಲಿಲ್ಲ. ಅತ್ತಿರಲೂ ಇಲ್ಲ.

ಅತ್ತೆ ಸುಭದ್ರಾಬಾಯಿ ಗೋಡೆಗೆ ಒರಗಿ ಕೂತು ಚಹಾ ಕುಡಿಯುತ್ತಿದ್ದರು. ಅವರ ಕಣ್ಣು ಹೋಗಿ ಬಹಳ ವರ್ಷವಾಗಿದೆ.

"ಹೋದ್ರೇನು ಎಲ್ಲಾರೂ?"

"ಹೋದ್ರು ಅತ್ತಿ."

"ಪುಣ್ಯಾ ಬಂತು. ಬಂದವ್ರೆಲ್ಲಾ ನನ್ನ ಕಿವ್ಯಾಗ ಒದರಿ ಹೋದ್ರು. ಕಣ್ಣು ಹೋದಾಕಿಗೆ ಕಿವಿನೂ ಹೋಗ್ಯಾವ ಅಂತ ತಿಳಕೊಂಡಾರ ಸುಡಗಾಡಮಂದಿ."

ಅತ್ತೆಯ ಕಿವಿಯ ಬಗ್ಗೆ ಹೇಳಬೇಕು. ಅದಕ್ಕೆ ಬತ್ತಿಯಿಂದಲೇ ಶುರು ಮಾಡಬೇಕು.

ನನ್ನ ಗಂಡ ಮೊದಲು ಮಾಡುತ್ತಿದ್ದದ್ದು ಗಾಣಗಾಪುರದ ಅಂಗಡಿಗಳಿಗೆ ಸಾದಾ ಮೇಣದ ಬತ್ತಿ. ಒಮ್ಮೆ ಕಲಬುರಗಿಯ ಉಡುಗೊರೆ ಅಂಗಡಿಯೊಂದರವರು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ, ಇಂಥದು ಆಗುತ್ತದೆಯೇ ಎಂದು ಕೇಳಿದರು. ದಪ್ಪ ಗಾಜಿನ ಲೋಟದಲ್ಲಿ ಬಿಳಿ ಮೇಣ, ನಡುವೆ ನೂಲಿನ ಬತ್ತಿಯ ಬದಲು ಮರದ ತೆಳು ಪಟ್ಟಿ. ದೊಡ್ಡ ಹೋಟೆಲುಗಳಲ್ಲಿ, ಉಳ್ಳವರ ಮನೆಗಳಲ್ಲಿ ಹಚ್ಚುತ್ತಾರಂತೆ. ನನ್ನ ಗಂಡ ಹೊರದೇಶದ ಚೆರ್ರಿ ಮರದ ಪಟ್ಟಿಗಳನ್ನು ಆನ್‌ಲೈನಿನಲ್ಲಿ ತರಿಸಿ ಮೊದಲನೆಯದನ್ನು ಮಾಡಿದರು. ಸಂಜೆ ಪಡಸಾಲೆಯಲ್ಲಿ ಹಚ್ಚಿ ನೋಡಿದರು. ಅತ್ತೆ ಒಳಕೋಣೆಯಿಂದ ಗೋಡೆ ಹಿಡಿದು ಬಂದರು.

"ಏನು ಸುಡಾಕತ್ತದಲೇ ಇಲ್ಲಿ?"

"ದೀಪ ಯವ್ವಾ."

"ದೀಪ ಎಲ್ಲೆರ ಸಪ್ಪಳ ಮಾಡ್ತದೇನೋ ಮಂಗ್ಯಾ?"

ಮರದ ಬತ್ತಿ ಉರಿಯುವಾಗ ಸಪ್ಪಳ ಮಾಡುತ್ತದೆ. ಚಿಟ್, ಚಿಟ್ ಎಂದು, ದೂರದ ಒಲೆಯ ಹಾಗೆ. ಅತ್ತೆ ಅದರ ಮುಂದೆ ಕೂತರು. ಮುಖವನ್ನು ಆಚೆ ತಿರುಗಿಸಿ ಕಿವಿಯನ್ನು ದೀಪದ ಕಡೆ ಹಿಡಿದರು. ಬಹಳ ಹೊತ್ತು ಹಾಗೇ ಇದ್ದರು.

"ಬೆಳಕು ಕೇಳಸಾಕತ್ತದಲ್ಲೋ," ಎಂದರು.

ನನ್ನ ಗಂಡ ಬೆಂಕಿಕಡ್ಡಿಯ ಪೆಟ್ಟಿಗೆ ಹಿಡಿದುಕೊಂಡು ನಿಂತೇ ಇದ್ದರು. ಅವರಿಗೂ ಇದು ಗೊತ್ತಿರಲಿಲ್ಲ. ಅವರು ಮಾಡಿದ್ದು ಅಂಗಡಿಯವರ ಗಿರಾಕಿಗೆ.

ಆ ಚೆರ್ರಿ ಪಟ್ಟಿಗಳು ಮುಗಿದಾಗ ಅವರು ಮತ್ತೆ ತರಿಸಲಿಲ್ಲ. "ಹೊರದೇಶದ್ದು ಯಾಕ ಬೇಕು? ನಮ್ಮ ತೊಗರಿ ಕಟ್ಟಿಗಿಗಿಂತ ಬಾಯಿಬಡಕ ಕಟ್ಟಿಗಿ ಯಾವುದದ?" ಎಂದರು. ಒಲೆಯಲ್ಲಿ ತೊಗರಿ ಕಟ್ಟಿಗೆ ಹಾಕಿ ರೊಟ್ಟಿ ಸುಟ್ಟವರಿಗೆ ಆ ಮಾತು ಅರ್ಥವಾಗುತ್ತದೆ. ಅಡುಗೆಮನೆಯ ಇಬ್ಬರು ಹೆಂಗಸರ ಮಾತನ್ನು ಮುಚ್ಚಿಸುವಷ್ಟು ಅದು ಚಟಪಟ ಎನ್ನುತ್ತದೆ. "ಒಲ್ಯಾಗ ಇಡೂದು ತಂದು ಗಾಜಿನ್ಯಾಗ ಇಡಾಕತ್ತಾನ ನನ್ನ ಮಗ," ಎಂದು ಅತ್ತೆ ನಕ್ಕರು. ಆದರೆ ಅಂದಿನಿಂದ ಸಂಜೆ ತೊಗರಿ ಬತ್ತಿಯ ಸಪ್ಪಳ ಕೇಳದೆ ಅವರು ತಾಟಿನ ಮುಂದೆ ಕೂತದ್ದಿಲ್ಲ. ದೀಪ ಹಚ್ಚದೆ ಉಣ್ಣಬಾರದು ಎಂಬುದು ಎಲ್ಲ ಮನೆಗಳಲ್ಲೂ ಇರುವುದೇ. ಅವರ ಮಟ್ಟಿಗೆ, ಹಚ್ಚಿದ್ದೇವೆ ಎಂದು ಬೇರೆಯವರು ಹೇಳಬೇಕಾದ ಕಾಲ ಮುಗಿದಿತ್ತು.

ನೆಂಟರು ಹೋದ ಮರುದಿನದ ಆ ಸಂಜೆ ನಾನು ಎಣ್ಣೆಯ ದೀಪ ಹಚ್ಚಿದೆ. ತಾಟು ತಂದಿಟ್ಟೆ.

"ಹಚ್ಚೀಯೇನು?"

"ಹಚ್ಚೀನಿ ಅತ್ತಿ."

ಅವರು ಕಿವಿ ತಿರುಗಿಸಿದರು. "ಇಲ್ಲ."

"ಎಣ್ಣಿ ದೀಪ ಅತ್ತಿ. ಅವರು ಮಾಡಿಟ್ಟವು ಮುಗದಾವ."

"ಹಂಗಾರ ನನಗ ಹಸಿವಿಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ. "ಮಂದಿ ಇದ್ದಾಗ ಮಂದಿ ಸಲುವಾಗಿ ಉಂಡೇನಿ. ಇನ್ನ ಯಾರ ಸಲುವಾಗಿ ಉಣ್ಣಲಿ?"

ಅವರಿಗೆ ಸಕ್ಕರೆ ಕಾಯಿಲೆ. ಗುಳಿಗೆ ತೆಗೆದುಕೊಂಡು ಉಣ್ಣದೆ ಮಲಗಿದರು. ಬೆಳಿಗ್ಗೆ ಏಳುವಾಗ ತಲೆ ತಿರುಗಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಕೈ ನಡುಗುತ್ತಿತ್ತು, ಹಣೆಯ ಮೇಲೆ ಬೆವರು. ಬೆಲ್ಲ ತಿನ್ನಿಸಿದೆ. ಆ ಬೆವರನ್ನು ಸೆರಗಿನಿಂದ ಒರೆಸುವಾಗ ನನಗೆ ಭಯವಾಯಿತು. ಭಯವಾದದ್ದು ತಿಳಿಯಿತು, ಅಷ್ಟೇ ವಿಶೇಷ. ಇವರು ಹೀಗೆಯೇ ಒಂದೊಂದು ರಾತ್ರಿಯ ಊಟ ಬಿಡುತ್ತ ಹೋದರೆ ನಾನು ಏನು ಮಾಡಲಿ?

ಗಂಡ ಕೆಲಸ ಮಾಡುತ್ತಿದ್ದ ಕೋಣೆಗೆ ಹೋದೆ. ಗಾಜಿನ ಲೋಟಗಳಿದ್ದವು. ಬತ್ತಿಯನ್ನು ತಳದಲ್ಲಿ ನಿಲ್ಲಿಸುವ ತಗಡಿನ ಕ್ಲಿಪ್ಪುಗಳಿದ್ದವು. ಮೂಲೆಯಲ್ಲಿ ಒಣಗಿದ ತೊಗರಿ ಕಟ್ಟಿಗೆಯ ಕಟ್ಟು. ಮಾಡಿಟ್ಟ ಬತ್ತಿ ಒಂದೂ ಇರಲಿಲ್ಲ. ಬುಡದ ಕಡೆಯ ಹೆಬ್ಬೆರಳು ಗಾತ್ರದ ಒಂದು ತುಂಡು ಆರಿಸಿ ಚಾಕುವಿನಿಂದ ಸೀಳಿದೆ. ಒಂದು ಕಡೆ ದಪ್ಪ, ಒಂದು ಕಡೆ ಮುರುಕು. ಅದನ್ನೇ ನಿಲ್ಲಿಸಿ ಸ್ವಲ್ಪ ಮೇಣ ಹಾಕಿ ನೋಡಿದೆ. ಕಡ್ಡಿಯ ಬೆಂಕಿ ಅದರ ಮೇಲೆ ಕೂತು, ಯೋಚಿಸಿ, ಎದ್ದುಹೋಯಿತು.

ಮೇಜಿನ ಕೆಳಗೆ ಹಳೆಯ ಟವೆಲಿನಲ್ಲಿ ಸುತ್ತಿದ ರಂದಾ ಸಿಕ್ಕಿತು. ಮರ ಹೆರೆದು ನುಣುಪು ಮಾಡುವ ಬಡಿಗರ ಸಾಮಾನು. ಕೈ ತಾಗಿ ತಾಗಿ ಕಪ್ಪಾಗಿ ಹೊಳೆಯುವ ಮರ. ಪಕ್ಕದಲ್ಲಿ ಉರ್ದು ಅಕ್ಷರ ಕೊರೆದಿತ್ತು, ಓದಲು ನನಗೆ ಬರಲಿಲ್ಲ.

ಬಡಿಗರು ರಂದಾವನ್ನು ಮರದ ಮೇಲೆ ಓಡಿಸುತ್ತಾರೆ. ಇಷ್ಟು ಸಣ್ಣ ಕಟ್ಟಿಗೆಯ ಮೇಲೆ ಅದು ಓಡುವುದಿಲ್ಲ. ನನ್ನ ಗಂಡ ರಂದಾವನ್ನು ಬೋರಲು ಹಾಕಿ, ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಕಟ್ಟಿಗೆಯನ್ನೇ ಅಲಗಿನ ಮೇಲೆ ಎಳೆಯುತ್ತಿದ್ದರು. ಬಾಗಿಲಲ್ಲಿ ನಿಂತು ಎಷ್ಟೋ ಸಲ ನೋಡಿದ್ದೆ. ನಾನೂ ಹಾಗೇ ಕೂತೆ. ಮೊದಲು ಬೆರಳು ಕೊಯ್ದುಕೊಂಡೆ. ಕೆಲವು ಪಟ್ಟಿಗಳು ಮುರಿದವು. ಆಮೇಲೆ ಎಲ್ಲೋ ಕೈಗೆ ಅದರ ಹದ ಸಿಕ್ಕಿತು. ಕಟ್ಟಿಗೆ ಹಿತವಾದ ಒಂದು ಸದ್ದಿನೊಂದಿಗೆ ಜಾರತೊಡಗಿತು. ಸುರುಳಿಗಳು ಪಾದದ ಮೇಲೆ ಬಿದ್ದವು.

ಒಂದು ಪಟ್ಟಿಯನ್ನು ಕಿಟಕಿಗೆ ಹಿಡಿದೆ. ಬೆಳಕು ಅದರೊಳಗಿಂದ ಹಾದುಬಂತು. ಉದ್ದಕ್ಕೂ ಕೂದಲಿಗಿಂತ ಸಣ್ಣ ಗೆರೆಗಳು. ಮಳೆಗಾಲವಿಡೀ ಕರಿನೆಲದ ನೀರು ಹೂವಿನವರೆಗೆ ಹತ್ತಿಹೋದ ದಾರಿ ಅದು. ಕಾಳು ಬಡಿದುಕೊಂಡು, ಉಳಿದದ್ದನ್ನು ನಾವು ಒಲೆಗೆ ಒಟ್ಟುತ್ತೇವೆ. ಇನ್ನು ಅದೇ ದಾರಿಯಲ್ಲಿ ಮೇಣ ಹತ್ತಬೇಕು. ನಾನು ಎಷ್ಟು ಹೊತ್ತು ಅದನ್ನು ಹಿಡಿದು ನಿಂತಿದ್ದೆನೋ. ಒಲೆಯ ಮೇಲೆ ಇಟ್ಟಿದ್ದ ಮೇಣ ಪೂರಾ ಕರಗಿತ್ತು.

ಪಟ್ಟಿಯನ್ನು ಎಣ್ಣೆಯಲ್ಲಿ ನೆನೆಸಿ, ಕ್ಲಿಪ್ಪಿಗೆ ಸಿಕ್ಕಿಸಿ, ಲೋಟದಲ್ಲಿ ನಿಲ್ಲಿಸಿ ಮೇಣ ಸುರಿದೆ. ಅದು ಗಟ್ಟಿಯಾಗಲು ಸಮಯ ಬೇಕು. ಆ ಸಂಜೆಯೂ ಅತ್ತೆ ಎರಡು ತುತ್ತು ಮೊಸರನ್ನ ಬಿಟ್ಟು ಏನೂ ಮುಟ್ಟಲಿಲ್ಲ. ಅದೂ ನಾನು ಗುಳಿಗೆ ಕೊಡುವುದಿಲ್ಲ ಎಂದು ಹೆದರಿಸಿದ್ದಕ್ಕೆ.

"ಸೊಸಿ ಆಗಿ ಬಂದಿದ್ದಿ, ಪೊಲೀಸ ಆದಿ," ಎಂದರು.

ಮರುದಿನ ಹೊತ್ತು ಮುಳುಗುವಾಗ ಲೋಟವನ್ನು ಅವರ ಮುಂದೆ ತಂದಿಟ್ಟೆ. ಬತ್ತಿ ಮೇಣದ ಮೇಲೆ ಬೆರಳುದ್ದ ನಿಂತಿತ್ತು. ಕತ್ತರಿಸಲೋ ಬೇಡವೋ ಎಂದು ಯೋಚಿಸಿದೆ. ಗಂಡ ಗಿರಾಕಿಗಳಿಗೆ ಫೋನಿನಲ್ಲಿ ಹೇಳುತ್ತಿದ್ದ ಮಾತು ನೆನಪಾಯಿತು: "ಬತ್ತಿ ಉದ್ದ ಬಿಟ್ರ ದೀಪ ದೊಡ್ಡದಾಗ್ತದ್ರಿ ಅಕ್ಕಾರ." ದೊಡ್ಡ ದೀಪವೇ ಇರಲಿ, ಸಪ್ಪಳವೂ ದೊಡ್ಡದಾಗಲಿ ಎಂದು ಹಾಗೇ ಬಿಟ್ಟೆ.

ಬೆಂಕಿ ಹತ್ತಿತು. ಉದ್ದಕ್ಕೆ ಎದ್ದು ಹೊಗೆ ಬಿಟ್ಟಿತು. ಚಿಟ್ ಎಂದಿತು. ಅತ್ತೆಯ ತಲೆ ಎದ್ದಿತು. ಮತ್ತೆ ಒಂದು ಚಿಟ್. ಆಮೇಲೆ ಉರಿ ಸೊರಗಿ, ಕೆಂಪು ಅಂಚಾಗಿ, ಹೋಯಿತು. ಮತ್ತೆ ಹಚ್ಚಿದೆ. ಮತ್ತೆ ಹೋಯಿತು.

"ಯಾಕ ಬೇ," ಎಂದರು ಅತ್ತೆ, "ಇಷ್ಟು ಲಗೂನ ದೊಡ್ಡದು ಮಾಡಿದಿ?"

ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟೆ.

ನಮ್ಮ ಮನೆಯಲ್ಲಿ ಯಾರೂ ದೀಪ ಆರಿಸು ಅನ್ನುವುದಿಲ್ಲ. ದೊಡ್ಡದು ಮಾಡು ಅನ್ನುತ್ತೇವೆ. ಬಳೆ ಒಡೆದರೆ ಹೆಚ್ಚಿದವು ಅನ್ನುತ್ತೇವೆ. ಎಂ.ಎ. ಓದುವಾಗ ಇಂಥ ಮಾತುಗಳ ಮೇಲೆ ನಾನೊಂದು ಪ್ರಬಂಧವನ್ನೇ ಬರೆದಿದ್ದೆ. ಅವರು ಗಿರಾಕಿಗಳಿಗೆ ಹೇಳುತ್ತಿದ್ದದ್ದು ಇದನ್ನು. ಉದ್ದ ಬಿಟ್ಟರೆ ದೊಡ್ಡದಾಗುತ್ತದೆ, ಅಂದರೆ ಹೋಗುತ್ತದೆ. ದೀಪ ಮಾರುವವರು ಆ ಇನ್ನೊಂದು ಪದವನ್ನು ಬಾಯಿಗೆ ತರಲಾರದೆ ತಾಯಿಯ ಮಾತನ್ನು ಆಡಿದ್ದರು. ಕಲಬುರಗಿಯ ಅಕ್ಕಂದಿರು ಎಷ್ಟು ಜನ ಉದ್ದ ಬಿಟ್ಟು ಕೂತಿದ್ದರೋ.

ಅವರ ದನಿ ನನಗೆ ಕೇಳಿಸಿತು. ಸತ್ತ ಮೇಲೆ ಮೊದಲ ಸಲ.

ಕರಿ ತುದಿಯನ್ನು ಬೆರಳಿನಿಂದ ಮುರಿದೆ. ಉಗುರಿನ ಬಿಳಿಯಷ್ಟು ಮಾತ್ರ ಉಳಿಸಿದೆ. ಇಷ್ಟು ಗಿಡ್ಡದ್ದಕ್ಕೆ ಏನು ಹತ್ತೀತು ಎಂದುಕೊಂಡೇ ಕಡ್ಡಿ ಹಿಡಿದೆ. ಬೆಂಕಿ ಪಟ್ಟಿಯ ಒಂದು ತುದಿಯಲ್ಲಿ ಕೂತಿತು. ಅಲ್ಲಿಂದ ಮೆಲ್ಲಗೆ, ಅಂಚಿನ ಮೇಲೆ ನಡೆಯುತ್ತ, ಇನ್ನೊಂದು ತುದಿ ಮುಟ್ಟಿತು. ನೂಲಿನ ಬತ್ತಿಯ ಉರಿ ನಿಂತುಕೊಳ್ಳುತ್ತದೆ, ಇದು ಅಡ್ಡಕ್ಕೆ ಮೈಚಾಚಿತು. ಸುತ್ತ ಮೇಣ ಕರಗಿ ಕನ್ನಡಿಯಾಯಿತು. ಆಮೇಲೆ ಅದು ಮಾತಾಡತೊಡಗಿತು. ಚಿಟ್. ಚಿಟಚಿಟ. ತಡೆದು, ಇನ್ನೊಂದು ಚಿಟ್. ಚೆರ್ರಿ ಮರದ್ದು ಪಿಸುಗುಡುತ್ತಿತ್ತು. ತೊಗರಿಯದು ಹೊಲದ ಬದುವಿನಿಂದ ಯಾರನ್ನೋ ಕರೆಯುವ ಹಾಗೆ. ಒಲೆಯ ವಾಸನೆ ಪಡಸಾಲೆಯಲ್ಲಿ ತುಂಬಿತು.

ನೀರಿನ ದಾರಿಯಲ್ಲಿ ಮೇಣ ಹತ್ತುತ್ತಿತ್ತು. ಅದು ನನ್ನ ಕಣ್ಣೆದುರಿಗೇ ನಡೆಯುತ್ತಿತ್ತು, ಯಾರ ಅಪ್ಪಣೆಯೂ ಇಲ್ಲದೆ. ಉರಿಯ ಅಂಚಿಗೆ ಒಂದು ಹನಿ ಬಿದ್ದು ಸೊಂಯ್ ಎಂದಿತು. ನನ್ನದು.

ಅತ್ತೆ ಮುಖವನ್ನು ಆಚೆ ತಿರುಗಿಸಿ ಕಿವಿಯನ್ನು ದೀಪಕ್ಕೆ ಒಡ್ಡಿದ್ದರು. ಅವರ ಕೆನ್ನೆಯ ಮೇಲೆ ಬೆಳಕು ಆಡುತ್ತಿತ್ತು, ಅದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿತ್ತೇನೋ.

"ಹತ್ತಿತು," ಎಂದರು. "ಮೂಗು ಒರಸ್ಕೋ ಬೇ. ರೊಟ್ಟಿ ತಾ. ಪುಂಡಿಪಲ್ಯ ಅದನೋ ಹಳಸೇತೋ?"

ಉಂಡರು. ಮತ್ತೊಂದು ರೊಟ್ಟಿ ಕೇಳಿದರು. ನಾನೂ ಉಂಡೆ. ಖಾರ ನಾಲಿಗೆಗೆ ತಿಳಿಯಿತು.

ಊಟವಾದ ಮೇಲೆ ಬೆರಳಿನ ಗಾಯವನ್ನು ಅವರಿಗೆ ಮುಟ್ಟಿಸಿದೆ. ಯಾವುದರಿಂದ ಎಂದು ಕೇಳಿದರು. ರಂದಾ ತಂದು ತೊಡೆಯ ಮೇಲಿಟ್ಟೆ. ಅವರ ಬೆರಳುಗಳು ಕೊರೆದ ಅಕ್ಷರದ ಮೇಲೆ ನಿಂತವು.

"ಇದು ಬಡಿಗ ಲಾಲಸಾಬಂದು. ಅವರಪ್ಪನ ಕೈಯಾಗಿಂದು. ಎರಡು ದಿನದಾಗ ಕೊಡ್ತೇನಿ ಅಂತ ಇಸಗೊಂಡು ಬಂದಿದ್ದ ನಿನ್ನ ಗಂಡ. ಯಾವ ಕಾಲದಾಗೋ ಏನೋ."

ಮರುದಿನ ಇದ್ದ ಕಟ್ಟಿಗೆಯನ್ನೆಲ್ಲ ಹೆರೆದೆ. ಅದರ ಮರುದಿನ ಅಲಗು ಒರೆಸಿ, ಅದೇ ಟವೆಲು ಒಗೆದು ಸುತ್ತಿ, ಹೊರಟೆ. ಗಂಡ ಹೋದ ಮೇಲೆ ಮೊದಲ ಸಲ ಓಣಿ ದಾಟಿದ್ದು. ಹೆದ್ದಾರಿ ದಾಟುವಾಗ ಲಾರಿಗಳು ಹೋಗುವವರೆಗೆ ಕಾದೆ.

ಲಾಲಸಾಬರು ತಮ್ಮ ಮನೆಯ ಗೇಟಿನ ಹಿಂದೆ ಬಾಗಿಲ ಚೌಕಟ್ಟಿನ ಕೆಲಸದಲ್ಲಿದ್ದರು. ವಯಸ್ಸಾದವರು. ನನ್ನನ್ನು ನೋಡಿ ಕೈಯಲ್ಲಿದ್ದ ಉಳಿ ಕೆಳಗಿಟ್ಟು ಎದ್ದರು.

"ನೀವ್ಯಾಕ ಬರಾಕ ಹೋದ್ರಿ ಬೇಟಿ? ಹೇಳಿ ಕಳಿಸಿದ್ರ ನಾನಽ ಬರ್ತಿದ್ದೆ."

"ನಿಮ್ಮ ರಂದಾ, ಚಾಚಾ. ಅವರು ತಂದಿದ್ರಂತ."

ಅವರು ಕೈ ಚಾಚಲಿಲ್ಲ. "ಅದರ ಬಾಕಿ ಇಲ್ಲ ಬೇಟಿ. ಸಂತೋಷಗ ಮಣ್ಣು ಹಾಕೂ ಮುಂದ ನಾ ಮನಸಿನ್ಯಾಗ ಮಾಫ್ ಮಾಡೇನಿ. ನಮ್ಮಾಗ ಹಂಗದ. ಹೋದವ್ರ ಮ್ಯಾಲ ಏನೂ ಉಳೀಬಾರ್ದು. ಆವತ್ತಿಂದ ಅದು ನಿಮ್ಮ ಮನೀದು."

ಬಂದವರಲ್ಲಿ ಇವರೂ ಇದ್ದರೆಂದು ನನಗೆ ಗೊತ್ತಿರಲಿಲ್ಲ. ಅಂದು ನಾನು ಯಾರ ಮುಖವನ್ನೂ ನೋಡಿರಲಿಲ್ಲ. ಒಬ್ಬರು ಹಿಡಿ ಮಣ್ಣು ಹಾಕುತ್ತ, ಯಾರಿಗೂ ಕೇಳದ ಹಾಗೆ, ತಮ್ಮ ತಂದೆಯ ರಂದಾವನ್ನು ಬಿಟ್ಟುಕೊಟ್ಟಿದ್ದರು.

ಮನೆಯಲ್ಲಿರುವ ಬತ್ತಿಗಳು ಮುಗಿಯುತ್ತವೆ. ಅತ್ತೆ ಮತ್ತೆ ಕಿವಿ ತಿರುಗಿಸಿ ಕೂರುತ್ತಾರೆ. ಅದು ನನಗೆ ಗೊತ್ತಿತ್ತು. ಆದರೂ ಟವೆಲು ಬಿಚ್ಚಿದೆ.

"ಮಾಫ್ ಬ್ಯಾಡ್ರಿ ಚಾಚಾ. ಅವರು ಕೊಡ್ತೇನಿ ಅಂದಿದ್ರು. ಮುಟ್ಟಿತು ಅನ್ರಿ."

"ಮತ್ತ ಅವ್ವಾರ ದೀಪಕ್ಕ?"

"ಮತ್ತ ಬೇಕಾದಾಗ ನಾ ಬಂದು ಕೇಳ್ತೇನಿ. ಅದು ನನ್ನ ಬಾಕಿ."

ಅವರು ನನ್ನ ಮುಖ ನೋಡಿದರು. ಎರಡೂ ಕೈಗಳನ್ನು ಅಂಗಿಗೆ ಒರೆಸಿಕೊಂಡು ರಂದಾ ತೆಗೆದುಕೊಂಡರು. ಕಣ್ಣಿನ ಹತ್ತಿರ ಎತ್ತಿ, ಬಾಯಿಂದ ಊದಿ, ಅಲಗನ್ನು ನೋಡಿದರು.

"ಮುಟ್ಟಿತು ಬೇಟಿ," ಎಂದರು.