ಕೀ ಕೊಡದೆ ತಿರುಗಿದ ಮೊಗ್ಗು

ಗಡಿಯಾರ ರಿಪೇರಿಯವನಿಗೆ ಬೀದಿಯವರು ಇಟ್ಟ ಹೆಸರು ಅಲಾರಂ. ಯಾವ ಹೊತ್ತಿಗೆ ಹೊಡೆದುಕೊಳ್ಳುತ್ತಾನೆ ಎಂದು ಅವನಿಗೇ ಗೊತ್ತಿರುತ್ತಿರಲಿಲ್ಲ. ಕೈ ಮಾತ್ರ ಬಂಗಾರ. ಸಾಸಿವೆಗಿಂತ ಸಣ್ಣ ತಿರುಪನ್ನು ಚಿಮಟದಲ್ಲಿ ಹಿಡಿದು ಕೂರಿಸುವಾಗ ಉಸಿರು ಕೂಡ ಬಿಡುತ್ತಿರಲಿಲ್ಲ. ತಿರುಪು ಕೂತ ಮರುಗಳಿಗೆ, ಹಿಡಿದಿಟ್ಟ ಉಸಿರನ್ನೆಲ್ಲ ಎದುರಿಗಿದ್ದ ಗಿರಾಕಿಯ ಮೇಲೆ ಬಿಡುತ್ತಿದ್ದ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಬಾಗಿಲ ಕಡೆ ಅವನ ಮೇಜು, ಕಿಟಕಿಯ ಕಡೆ ಹೆಂಡತಿಯ ಹೊಲಿಗೆ ಯಂತ್ರ. ಅವಳು ಊರವರ ಕಿಟಕಿಗಳಿಗೆಲ್ಲ ಪರದೆ ಹೊಲಿದು ಕೊಡುತ್ತಿದ್ದಳು. ಸ್ವಂತ ಕಿಟಕಿ ಬೋಳಾಗಿತ್ತು. ಮದುವೆಯಾಗಿ ಇಪ್ಪತ್ತು ವರ್ಷ ದಾಟಿತ್ತು, ಮಕ್ಕಳಿರಲಿಲ್ಲ. ಆ ಸುದ್ದಿಯನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಹುಣ್ಣಿದ್ದ ಕಡೆ ಯಾರು ಕೈಯಿಟ್ಟು ನೋಡುತ್ತಾರೆ?

ಇಂಥ ಹೆಂಡತಿ ಒಂದು ದಿನ, ತನಗೊಂದು ಆರ್ಕಿಡ್ ಗಿಡ ಬೇಕು ಎಂದಳು. ತನಗೆ ಅಂತ ಅವಳು ಏನನ್ನೂ ಕೇಳಿದವಳಲ್ಲ. ಇವನು ಗೊಣಗುತ್ತಲೇ ಜೊತೆಗೆ ಹೋದ.

ಹೂಗಿಡದ ಅಂಗಡಿಯಲ್ಲಿ ಸಾಲಾಗಿ ಬಿಳಿ, ನೇರಳೆ, ಹಳದಿ ಹೂಗಳು ಬಳುಕುವ ಕಡ್ಡಿಗಳ ಮೇಲೆ ಚಿಟ್ಟೆಗಳ ಹಾಗೆ ಕೂತಿದ್ದವು. ಗೊಣಗುತ್ತಿದ್ದವನ ಬಾಯಿ ಒಂದು ಗಳಿಗೆ ಮುಚ್ಚಿಕೊಂಡಿತು. ಅಂಗಡಿಯಾಕೆ ಮಾತ್ರ ಹೆಂಡತಿಯನ್ನು ಹೂಗಳಿಂದ ಆಚೆ ಕರೆದಳು. ಹೊಸಬರು ಹೂ ನೋಡಿ ಮರುಳಾಗುತ್ತಾರೆ, ನೀವು ಬೇರು ನೋಡಿ ಆರಿಸಿ ಎಂದಳು. ಕುಂಡಗಳು ಗಾಜಿನಂತೆ ಪಾರದರ್ಶಕ. ಒಳಗೆ ಮಣ್ಣೇ ಇಲ್ಲ, ಬರೀ ಮರದ ತೊಗಟೆಯ ಚೂರು. ಅದರ ನಡುವೆ ದಪ್ಪ ಬೇರುಗಳು ಹಗ್ಗದ ಹಾಗೆ ಹೊಸೆದುಕೊಂಡಿದ್ದವು. ಹೆಂಡತಿ ಬಟ್ಟೆಯ ನೇಯ್ಗೆ ನೋಡುವಂತೆ ಒಂದೊಂದು ಎಲೆಯನ್ನೂ ಬೆರಳ ನಡುವೆ ಹಿಡಿದು ನೋಡಿದಳು, ಕುಂಡಗಳನ್ನು ಬೆಳಕಿಗೆ ಎತ್ತಿದಳು. ಕೊನೆಗೆ ಆರಿಸಿದ್ದು ಹೂವೇ ಇಲ್ಲದ್ದನ್ನು. ಎಲೆ ಗಟ್ಟಿ, ಬೇರು ತುಂಬಾ.

ಸಾಕುವ ಬಗೆಯನ್ನೂ ಅಂಗಡಿಯಾಕೆ ಹೇಳಿಕೊಟ್ಟಳು. ಬಿಸಿಲು ನೇರ ಬೀಳಬಾರದು, ತೆಳು ಪರದೆಯ ಹಿಂದಿನ ಬೆಳಕು ಸಾಕು. ಬೇರು ಬೆಳ್ಳಗಾದಾಗ ನೀರು, ಹಸಿರಿದ್ದಾಗ ಬೇಡ. ಒಣಗಿಸಿ ಸಾಯಿಸುವವರಿಗಿಂತ ನೀರು ಕುಡಿಸಿ ಸಾಯಿಸುವವರೇ ಜಾಸ್ತಿ. ಇದ್ಯಾವುದೂ ಗಂಡನ ಕಿವಿಗೆ ಬೀಳಲಿಲ್ಲ. ಅಂಗಡಿಯ ಗೋಡೆ ಗಡಿಯಾರ ಹಿಂದೆ ಓಡುತ್ತಿದೆಯೆಂದು ಅವನು ಅಲ್ಲಿನ ಲೆಕ್ಕದವನ ಜೊತೆ ಜಗಳಕ್ಕೆ ನಿಂತಿದ್ದ.

ಮಾರನೆಯ ದಿನ ಒಬ್ಬ ಗಿರಾಕಿ ಕಿಟಕಿಯ ಕಡೆ ನೋಡಿ, ಇದೇನು ಎಲೆಕೋಸು ಬೆಳೀತಿದ್ದೀರಾ ಎಂದು ಕೇಳಿದ. ಹೂವಿನಂಗಡಿಗೆ ಹೋಗಿ ಎಲೆ ತಂದಿದ್ದಾಳೆ ಎಂದು ಅಲಾರಂ ನಕ್ಕ. ಗಿರಾಕಿಯೂ ನಕ್ಕ. ಹೆಂಡತಿ ಹೊಲಿಗೆಯಿಂದ ತಲೆಯೆತ್ತದೆ, "ಹೂ ಬಿಡುತ್ತೆ," ಅಂದಳು.

ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಬೆಳಗಿನಿಂದ ಒಂದು ಸ್ಪ್ರಿಂಗು ಅವನ ಮಾತು ಕೇಳದೆ ಸತಾಯಿಸುತ್ತಿತ್ತು. ಆ ಸಿಟ್ಟು ಇಲ್ಲಿ ಹಾರಿತು.

"ಈ ಮನೇಲಿ ಇಲ್ಲೀವರೆಗೆ ನಿನ್ನ ಕೈಲಿ ಏನು ಚಿಗುರಿದೆ, ಇದು ಹೂ ಬಿಡೋಕೆ?"

ಯಂತ್ರ ನಿಂತಿತು. ಗಿರಾಕಿ ತನ್ನ ಚಪ್ಪಲಿ ನೋಡಿಕೊಂಡ. ಅವಳು ಹಿಂದೆ ಕುಂಡದಲ್ಲಿ ನೆಟ್ಟು ಒಣಗಿಹೋದ ಗಿಡಗಳನ್ನು ನೆನೆದು ಆಡಿದೆ ಎಂದು ಅವನು ಸಮಜಾಯಿಷಿ ಹೇಳಿಕೊಳ್ಳಬಹುದಿತ್ತು. ಆದರೆ ಕುಂಡ ನೆನೆದು ಆಡಿದ್ದಲ್ಲ. ನೋಯಲಿ ಎಂದೇ ಆಡಿದ್ದು. ಮಾತು ತುಟಿ ದಾಟುವ ಮೊದಲೇ ಅದು ಎಲ್ಲಿ ನಾಟುತ್ತದೆಂದು ಅವನಿಗೆ ಗೊತ್ತಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವತ್ತಿನಿಂದ ಅವಳು ಮಾತು ಬಿಟ್ಟಳು. ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಅಂಗಿಯ ಗುಂಡಿ ಕಿತ್ತರೆ ಮರುದಿನ ಕೂತಿರುತ್ತಿತ್ತು, ಮಾತು ಮಾತ್ರ ಇಲ್ಲ. ಹಗಲೆಲ್ಲ ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತ ಇಬ್ಬರ ನಡುವೆ ಗಡಿಯಾರಗಳೇ ಮಾತಾಡುತ್ತಿದ್ದವು. ತಪ್ಪಾಯಿತು ಎನ್ನುವುದು ಅವನ ಬಾಯಿಗೆ ಬರುವ ಮಾತಲ್ಲ. ಅವನಪ್ಪನ ಬಾಯಿಗೂ ಬಂದದ್ದಲ್ಲ. ಬಾಯಿಗೆ ಬರದ್ದನ್ನು ಕೈಯಲ್ಲಿ ಮಾಡಲು ಹೊರಟ. ಅವಳ ಗಿಡ ಚೆನ್ನಾಗಿ ಬೆಳೆಯಲಿ ಎಂದು, ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ, ಗೋಡೆ ಗಡಿಯಾರಗಳಿಗೆಲ್ಲ ಕೀ ಕೊಟ್ಟು ಮುಗಿಸಿ, ಅದೇ ಸಾಲಿನಲ್ಲಿ ಗಿಡಕ್ಕೂ ಒಂದು ಲೋಟ ನೀರು ಹೊಯ್ಯತೊಡಗಿದ. ದಿನವೂ. ಅವನು ಕಂಡ ಲೋಕದಲ್ಲಿ ದಿನವೂ ಕೀ ಕೊಡದಿದ್ದರೆ ಎಲ್ಲವೂ ನಿಲ್ಲುತ್ತಿತ್ತು.

ಹೆಂಡತಿ ದಿನವೂ ಬೇರು ನೋಡುತ್ತಿದ್ದಳು. ಅದು ಬೆಳ್ಳಗಾಗಲೇ ಇಲ್ಲ. ತಾನೊಂದು ಹನಿ ನೀರು ಹಾಕದಿದ್ದರೂ ಹಸಿರಾಗಿಯೇ ಇತ್ತು, ಆಮೇಲೆ ಕಂದಾಯಿತು. ಒಂದು ಎಲೆ ಹಳದಿಯಾಗಿ ಬಿತ್ತು, ಇನ್ನೊಂದು ಒದ್ದೆ ಬಟ್ಟೆಯ ಹಾಗೆ ಜೋತಿತು. ಅವಳು ಕುಂಡದ ಮುಂದೆ ನಿಂತು ತನ್ನ ಎರಡೂ ಅಂಗೈ ನೋಡಿಕೊಂಡದ್ದನ್ನು ಅವನು ಮೇಜಿನಿಂದ ಕಂಡ. ಆ ನೋಟದ ಅರ್ಥ ತಿಳಿಯಲು ಭೂತಗನ್ನಡಿ ಬೇಕಿರಲಿಲ್ಲ. ನೀನಾಡಿದ್ದೇ ನಿಜ, ನನ್ನ ಕೈಯೇ ಹೀಗೆ ಎನ್ನುತ್ತಿದ್ದಳು.

ಮರುದಿನ ಅವಳು ಕುಂಡವನ್ನೆತ್ತಿಕೊಂಡು ಕಸದ ಡಬ್ಬಿಯ ಕಡೆ ನಡೆದಾಗ ಅವನು ಕುರ್ಚಿ ಬೀಳಿಸಿಕೊಂಡು ಎದ್ದ.

"ನಿನ್ನ ಕೈಯಲ್ಲ ಅದು, ನನ್ನ ಕೈ. ನಾನೇ ನೀರು ಹಾಕ್ತಿದ್ದೆ."

ಅವಳು ನಿಂತಳು. ಎಷ್ಟೋ ವಾರಗಳ ಮೇಲೆ ಅವಳ ದನಿ ಕೇಳಿತು.

"ಎಷ್ಟು ದಿನಕ್ಕೊಮ್ಮೆ?"

"ದಿನಾ."

"ಗಡಿಯಾರಕ್ಕೆ ಕೀ ಕೊಟ್ಟ ಹಾಗೆ." ಅವಳು ಕುಂಡವನ್ನು ತಂದು ಅವನ ಮೇಜಿನ ಮೇಲೆ, ಬಿಚ್ಚಿಟ್ಟ ಗಡಿಯಾರದ ಪಕ್ಕದಲ್ಲೇ ಕುಕ್ಕಿದಳು. "ಕೊಡಿ ಚಿಮಟ."

ಇಬ್ಬರೂ ಕೂತು ಗಿಡವನ್ನು ಹೊರತೆಗೆದರು. ಕೊಳೆತ ಬೇರನ್ನು ಮುಟ್ಟಿದರೆ ಮೇಲಿನ ಸಿಪ್ಪೆ ಒರೆಯ ಹಾಗೆ ಜಾರಿ, ಒಳಗಿನ ಎಳೆ ದಾರವೊಂದೇ ಉಳಿಯುತ್ತಿತ್ತು. ಅಂಥವನ್ನೆಲ್ಲ ಕತ್ತರಿಸಿದರು. ಹಗ್ಗದಂತಿದ್ದ ಬೇರಿನ ರಾಶಿಯಲ್ಲಿ ಗಟ್ಟಿಯಾಗಿ ಉಳಿದದ್ದು ಮೂರು. ಹೆಂಡತಿ ಅಡುಗೆಮನೆಯಿಂದ ಚಕ್ಕೆಪುಡಿ ತಂದು, ಕೊಳೆ ಹರಡದಂತೆ ಕತ್ತರಿಸಿದ ಕಡೆ ಸವರಿದಳು. ಹೊಸ ತೊಗಟೆಗೆ ಒಂದಿಷ್ಟು ಇದ್ದಿಲು ಬೆರೆಸಿ, ಗಿಡವನ್ನು ನಿಲ್ಲಿಸಿದಳು. ಆ ಸಂಜೆಯೇ ಬೋಳು ಕಿಟಕಿಗೆ ತೆಳು ಬಿಳಿ ಪರದೆ ಹೊಲಿದು ಹಾಕಿದಳು. ನೀರಿನ ಲೋಟ ಮುಟ್ಟಿದರೆ ಕೈ ಮುರಿಯುತ್ತೇನೆ ಎಂದಳು. ಅವನಿಗೆ ಅದೂ ಹಿತವಾಗಿಯೇ ಕೇಳಿಸಿತು.

ಆದರೆ ಮಾತು ಗಿಡಕ್ಕಷ್ಟೇ ಮೀಸಲು. ಬಿಸಿಲು ಜಾಸ್ತಿಯಾಯಿತು, ಸರಿ. ಇವತ್ತು ನೀರು ಬೇಡ, ಸರಿ. ಕಿಟಕಿಯಿಂದ ಎರಡು ಹೆಜ್ಜೆ ಈಚೆ ಬಂದರೆ ಮತ್ತೆ ಮೌನ. ಕೆಲಸದವನ ಜೊತೆ ಕೆಲಸದವಳು ಆಡುವಷ್ಟು ಮಾತು. ತನ್ನ ಮನೆಯಲ್ಲಿ ತಾನು ಬಾಡಿಗೆಗೆ ಇದ್ದ ಹಾಗೆ ಅವನಿಗೆ ಅನಿಸುತ್ತಿತ್ತು.

ನೀರು ಹಾಕುವಂತಿಲ್ಲ, ನೋಡಲು ಅಡ್ಡಿಯಿಲ್ಲ. ಒಂದು ಬೆಳಿಗ್ಗೆ ಅವಳು ನೀರು ಹೊಯ್ಯುವಾಗ ಅವನು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡೇ ಹತ್ತಿರ ಬಂದ. ಬೂದಿ ಬಣ್ಣದ ಬೇರಿನ ಮೇಲೆ ನೀರು ಹರಿಯಿತು. ಹರಿದಲ್ಲೆಲ್ಲ ಬೂದಿ ಕರಗಿ ಹಸಿರು ಮೂಡಿತು, ಯಾರೋ ಒಳಗಿನಿಂದ ದೀಪ ಹಚ್ಚಿಕೊಂಡು ಬಂದ ಹಾಗೆ. ಮಣ್ಣಿಲ್ಲ, ಗೊಬ್ಬರವಿಲ್ಲ. ಗಾಳಿಯಲ್ಲಿ ಕೈಚಾಚಿ ನಿಂತು ಕುಡಿಯುತ್ತದೆ, ಬಣ್ಣ ಬದಲಿಸಿ ಸಾಕು ಎನ್ನುತ್ತದೆ. ಇಷ್ಟು ಸ್ಪಷ್ಟವಾಗಿ ಮಾತಾಡುವುದನ್ನು ತಾನು ದಿನಾ ಮುಳುಗಿಸುತ್ತಿದ್ದೆನಲ್ಲ ಎನಿಸಿತು.

ತಿಂಗಳುಗಳು ಕಳೆದವು. ಹೊಸ ಬೇರು ಬಂತು, ಹೊಸ ಎಲೆ ನಾಲಿಗೆಯ ಹಾಗೆ ಹೊರಬಂತು. ಆಮೇಲೆ ಎಲೆಯ ಬುಡದಿಂದ ಹಸಿರು ಮೂಗೊಂದು ಇಣುಕಿತು. ಬೇರು ಎಂದು ಅವನು, ಹೂಕಡ್ಡಿ ಎಂದು ಅವಳು. ಬೇರಿನ ತುದಿ ನುಣ್ಣಗೆ ಗುಂಡಗಿರುತ್ತದೆ, ಇದು ಚಪ್ಪಟೆಯಾಗಿದೆ, ಮೇಲೆ ಹೊರಟಿದೆ ಎಂದಳು. ಅವಳೇ ಗೆದ್ದಳು. ಕಡ್ಡಿ ಮೊಳದುದ್ದ ಬೆಳೆದು ಬಾಗಿತು, ತುದಿಯಲ್ಲಿ ಬಟಾಣಿಯಂಥ ಮೊಗ್ಗುಗಳು ಬಂದವು.

ಮೊದಲ ಮೊಗ್ಗಿನ ಗುರುತಿಗೆಂದು ಅವನು ಗಡಿಯಾರದ ಮುಖಕ್ಕೆ ಹಚ್ಚುವ ಬಿಳಿ ಬಣ್ಣದ ಒಂದು ಚುಕ್ಕಿಯನ್ನು ಅದರ ನೆತ್ತಿಯ ಮೇಲಿಟ್ಟ. ಒಂದೆರಡು ದಿನ ಕಳೆದು ನೋಡಿದರೆ ಚುಕ್ಕಿ ನೆತ್ತಿಯ ಮೇಲಿಲ್ಲ, ಪಕ್ಕೆಗೆ ಸರಿದಿದೆ. ಯಾರೋ ಮುಟ್ಟಿದ್ದಾರೆ! ರಕ್ತ ತಲೆಗೇರಿತು. ಹೆಂಡತಿಯ ಕಡೆ ತಿರುಗಿ ಬಾಯಿ ತೆರೆದ. ಮತ್ತೆ ಮುಚ್ಚಿದ. ಒಮ್ಮೆ ಬಾಯಿ ತೆರೆದು ಕಂಡದ್ದು ಸಾಕಾಗಿತ್ತು. ಮೆಲ್ಲಗೆ, "ಕುಂಡ ತಿರುಗಿಸಿದ್ಯಾ?" ಎಂದು ಕೇಳಿದ. ಇಲ್ಲ, ಮೊಗ್ಗಿರುವಾಗ ತಿರುಗಿಸಬಾರದು ಎಂದಳು. ಅವನು ನಂಬಿದ. ಆದರೂ ಕಸುಬು ಬಿಡಲಿಲ್ಲ. ಕುಂಡದ ಅಂಚಿಗೊಂದು, ಅದರ ನೇರಕ್ಕೆ ಕಿಟಕಿಯ ಕಟ್ಟೆಗೊಂದು ಗೀರು ಹಾಕಿದ.

ಗೀರುಗಳು ಎದುರುಬದುರಾಗಿಯೇ ಉಳಿದವು. ಚುಕ್ಕಿ ಮಾತ್ರ ದಿನದಿನವೂ ಕೆಳಗಿಳಿಯಿತು. ಕೊನೆಗೊಂದು ಬೆಳಿಗ್ಗೆ, ಪರದೆಯ ಹಾಲಿನಂಥ ಬೆಳಕಿನಲ್ಲಿ ಅವನು ಭೂತಗನ್ನಡಿ ಹಾಕಿ ನೋಡಿದಾಗ, ಮೊಗ್ಗಿನ ಪುಟ್ಟ ತೊಟ್ಟು ಒದ್ದೆ ಬಟ್ಟೆ ಹಿಂಡಿದ ಹಾಗೆ ಹುರಿಗೊಂಡಿತ್ತು. ನೆತ್ತಿಯಲ್ಲಿದ್ದ ಚುಕ್ಕಿ ಬುಡದಲ್ಲಿತ್ತು. ಮೊಗ್ಗು ತನ್ನನ್ನು ತಾನೇ ತಲೆಕೆಳಗು ಮಾಡಿಕೊಂಡಿತ್ತು.

ಅವನು ಜೀವಮಾನವೆಲ್ಲ ತಿರುಗುವ ವಸ್ತುಗಳನ್ನೇ ನೋಡಿದವನು. ಸ್ಪ್ರಿಂಗಿಲ್ಲದೆ, ಹಲ್ಲಿನ ಚಕ್ರವಿಲ್ಲದೆ, ಯಾರೂ ಕೀ ಕೊಡದೆ ಅರ್ಧ ಸುತ್ತು ಸುತ್ತಿ, ಸರಿಯಾದ ಜಾಗಕ್ಕೆ ಬಂದು ತಾನಾಗಿ ನಿಂತದ್ದನ್ನು ಕಂಡದ್ದು ಇದೇ ಮೊದಲು. ಎಲ್ಲಿ ನಿಲ್ಲಬೇಕು ಎಂದು ಅದಕ್ಕೆ ಹೇಳಿದವರು ಯಾರು?

"ಬಾ ಇಲ್ಲಿ," ಎಂದ. ದನಿ ಅವನದೇ ಅನಿಸಲಿಲ್ಲ. ಅವಳು ಹೊಲಿಗೆ ಬಿಟ್ಟು ಬಂದಳು. ಯಾರಿಗೂ ಮುಟ್ಟಗೊಡದ ಭೂತಗನ್ನಡಿಯನ್ನು ತಾನೇ ಅವಳ ಕಣ್ಣಿಗೆ ಹಿಡಿದ. ಚುಕ್ಕಿಯ ಕಥೆ ಹೇಳಿದ. ಅವಳು ಬಹಳ ಹೊತ್ತು ನೋಡಿದಳು. ಸೂಜಿಗೆ ದಾರ ಪೋಣಿಸುವಾಗ ಹಿಡಿಯುವಂತೆ ಉಸಿರು ಹಿಡಿದಿದ್ದಳು.

ಇದೇ ಸಮಯ ಎಂದುಕೊಂಡು ಅವನು, "ನಿನ್ನ ಕೈಲಿ ಚಿಗುರಿತಲ್ಲ," ಎಂದ.

ಅವಳು ಭೂತಗನ್ನಡಿ ಇಳಿಸಿದಳು.

"ನನ್ನ ಕೈಲೂ ಅಲ್ಲ, ನಿಮ್ಮ ಕೈಲೂ ಅಲ್ಲ. ಅದರ ಪಾಡಿಗೆ ಅದು ಚಿಗುರಿತು. ಗಿಡ ಹೂ ಬಿಟ್ರೆ ನೀವಾಡಿದ ಮಾತು ಉದುರಿ ಹೋಗುತ್ತಾ?"

ಹೂವಿನ ಮರೆಯಲ್ಲಿ ನುಸುಳಿಕೊಳ್ಳಲು ದಾರಿಯಿರಲಿಲ್ಲ. ಬೇರೆ ದಿನವಾಗಿದ್ದರೆ ಸಿಟ್ಟು ಬರುತ್ತಿತ್ತು. ಆ ಮೊಗ್ಗಿನ ಮುಂದೆ ನಿಂತು ಸಿಟ್ಟು ಮಾಡಲು ಅವನಿಗೆ ನಾಚಿಕೆಯಾಯಿತು.

"ಇಲ್ಲ, ಹೋಗಲ್ಲ," ಎಂದ. "ನಿಂಗೆ ನೋಯಲಿ ಅಂತಲೇ ಆಡಿದೆ. ತಪ್ಪಾಯ್ತು."

ಗಡಿಯಾರಗಳು ಟಕಟಕ ಎನ್ನುತ್ತಿದ್ದವು. ಅವಳ ಕಣ್ಣಲ್ಲಿ ನೀರು ತುಂಬಿತು, ಕೆಳಗೆ ಬೀಳಲಿಲ್ಲ.

"ಹೆರಿಗೆ ಆಸ್ಪತ್ರೆಯಿಂದ ಬರಿಗೈಲಿ ಬಂದ ದಿನ ನೆನಪಿದ್ಯಾ?" ಎಂದು ಕೇಳಿದಳು. "ಅವತ್ತು ನೀವು ಒಂದು ಮಾತೂ ಆಡಲಿಲ್ಲ. ಬಂದವರೇ ಕೆಟ್ಟು ನಿಂತ ಗಡಿಯಾರ ಬಿಚ್ಚಿಕೊಂಡು ಕೂತ್ರಿ."

ಹತ್ತೊಂಬತ್ತು ವರ್ಷದಲ್ಲಿ ಅವಳು ಆ ದಿನದ ಹೆಸರೆತ್ತಿದ್ದು ಇದೇ ಮೊದಲು.

"ಏನು ಹೇಳಬೇಕೋ ಗೊತ್ತಾಗಲಿಲ್ಲ ಕಣೇ. ಕೈ ನಡುಗ್ತಿತ್ತು. ಆ ಗಡಿಯಾರಾನ ಅವತ್ತು ಜೋಡಿಸೋಕೇ ಆಗಲಿಲ್ಲ ನಂಗೆ."

"ನಂಗೆ ಗೊತ್ತೇ ಇರಲಿಲ್ಲ," ಎಂದಳು ಅವಳು.

ಅವಳು ಹೊಲಿಗೆಯ ಸ್ಟೂಲನ್ನು ಕಿಟಕಿಯ ಹತ್ತಿರ ಎಳೆದುಕೊಂಡು ಕೂತಳು. ಪಕ್ಕದಲ್ಲಿ ಜಾಗ ಬಿಟ್ಟಳು. ಅವನು ಕುರ್ಚಿ ತಂದ. ಆ ದಿನದ್ದನ್ನು ಅವಳು ಒಂದೊಂದಾಗಿ ಹೇಳುತ್ತಾ ಹೋದಳು, ಅವನು ಕೇಳುತ್ತಾ ಹೋದ. ನಡುವೆ ಗಿರಾಕಿಯೊಬ್ಬ ಬಾಗಿಲಲ್ಲಿ ಬಂದು ಕೆಮ್ಮಿದ. ಅಲಾರಂ ಹೊಡೆದುಕೊಳ್ಳಲಿಲ್ಲ. ತುಟಿಯ ಮೇಲೆ ಬೆರಳಿಟ್ಟು, ಆಮೇಲೆ ಬಾ ಎಂದು ಕೈಸನ್ನೆ ಮಾಡಿದ. ಗಿರಾಕಿ ಬಿಟ್ಟ ಬಾಯಿ ಬಿಟ್ಟಂತೆಯೇ ಹಿಂದಕ್ಕೆ ಹೋದ.